ಕ್ಯಾಲೆಂಡರಿನ ಎತ್ತುಗಳು

ಗದಗ ಪೇಟೆಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುವ ನಂದೀಶನಿಗೆ ವಾರದಲ್ಲಿ ಆರು ದಿನ ಬಾಯಿ ಇರಲಿಲ್ಲ. ಸಾವ್ಕಾರ ಹುಚ್ಚೀರಪ್ಪನವರು ಬೈದರೆ "ಹೂನ್ರಿ" ಅನ್ನುತ್ತಿದ್ದ, ರೈತರು ಬೈದರೆ "ಆತ್ರಿ" ಅನ್ನುತ್ತಿದ್ದ, ಕಂಪ್ಯೂಟರ್ ಕೆಟ್ಟು ನಿಂತರೆ ಅದಕ್ಕೂ ಕೈ ಮುಗಿಯುತ್ತಿದ್ದ. ಏಳನೆಯ ದಿನ ಅವನ ಕೊರಳಿಗೆ ಕ್ಯಾಮೆರಾ ಬೀಳುತ್ತಿತ್ತು. ಅದರ ಹಿಂದೆಯೇ ಬಾಯಿಯೂ ಬರುತ್ತಿತ್ತು.

ಊರು ಅಂತೂರ ಬೆಂತೂರ, ವಯಸ್ಸು ಇಪ್ಪತ್ತೆಂಟು, ಓದು ಬಿ.ಕಾಂ. ಕ್ಯಾಮೆರಾಕ್ಕೆ ಅವನು ಮೂರನೆಯ ಕೈ. ಮೊದಲಿನ ಇಬ್ಬರು ಅದರಲ್ಲಿ ಮದುವೆ, ಸೀಮಂತ ತೆಗೆದು ತೆಗೆದು ದಣಿದು ಬಿಟ್ಟುಕೊಟ್ಟಿದ್ದರು. "ಓಡಿ ಹೋಗೂ ದನದ ಕೊಳ್ಳಾಗ ಕಟ್ಟಿಗಿ ತುಂಡ ಕಟ್ಟತಾರಲ್ಲ, ಹಂಗ ಕಾಣತಿ ನೋಡು" ಎಂದು ಅವನ ತಾಯಿ ಅಮೃತವ್ವ ಅಂದಿದ್ದಳು. ಅವನ ಫೋಟೊಗ್ರಫಿಗೆ ಸಿಕ್ಕ ಮೊದಲ ವಿಮರ್ಶೆ ಅದು. ಅದನ್ನು ಅವನು ಒಪ್ಪಿರಲಿಲ್ಲ. ಆಮೇಲಿನ ಯಾವುದನ್ನೂ ಒಪ್ಪಿರಲಿಲ್ಲ.

ಅವನಂಥ ಒಂಬತ್ತು ಮಂದಿ ಸೇರಿ ಒಂದು ಬಳಗ ಮಾಡಿಕೊಂಡಿದ್ದರು. ಒಂದು ಭಾನುವಾರ ಗದಗ-ಬೆಟಗೇರಿ, ಇನ್ನೊಂದು ಭಾನುವಾರ ಲಕ್ಷ್ಮೇಶ್ವರ, ಆಮೇಲೆ ಶಿರಹಟ್ಟಿ, ಮುಂಡರಗಿ. ಹೋದ ಊರಲ್ಲಿ ಫೋಟೊ ತೆಗೆಯುವುದು, ಹೊಟ್ಟೆ ಹಸಿದಾಗ ಒಂದು ಹೋಟೆಲು ಹೊಕ್ಕು ಹಿಂದಿನ ವಾರದ ಪ್ರಿಂಟುಗಳನ್ನು ಮೇಜಿನ ಮೇಲೆ ಹರವಿ ಮಾತಾಡುವುದು. ಮೊದಲು ಈ ಮಾತೆಲ್ಲ ವಾಟ್ಸಾಪಿನಲ್ಲೇ ನಡೆಯುತ್ತಿತ್ತು. ಅಲ್ಲಿ ಎಲ್ಲರೂ ಎಲ್ಲರಿಗೂ "ಸೂಪರ್" ಅನ್ನುತ್ತಿದ್ದರು. ಒಮ್ಮೆ ಒಬ್ಬಾತ ಕೈತಪ್ಪಿ ಕರೆಂಟ್ ಬಿಲ್ಲಿನ ಫೋಟೊ ಹಾಕಿದಾಗ ಅದಕ್ಕೂ ಏಳು "ಸೂಪರ್" ಬಿದ್ದವು. ಬಳಗದಲ್ಲಿದ್ದ ಶಿವರಂಜನಿ ಅಕ್ಕೋರು ಅಂದೇ ಇದಕ್ಕೆ ಕಡಿವಾಣ ಹಾಕಿದರು. ಅವರು ಲಕ್ಷ್ಮೇಶ್ವರದಲ್ಲಿ ಕನ್ನಡ ಶಾಲೆಯ ಮಾಸ್ತರತಿ.

ಅವರ ನಿಯಮ ಎರಡೇ. ಫೋಟೊ ಮೇಜಿಗೆ ಬಿದ್ದ ಕೂಡಲೇ ಅದನ್ನು ತೆಗೆದವನ ಕೈಗೆ ಒಂದು ಕಪ್ ಚಹಾ ಕೊಡಬೇಕು. ಚಹಾ ಮುಗಿಯುವ ತನಕ ಅವನು ತುಟಿ ಬಿಚ್ಚಕೂಡದು, ಬರೀ ಕೇಳಬೇಕು. ಇನ್ನು ತಪ್ಪು ಹೇಳುವವರು ತಿದ್ದುವ ದಾರಿಯನ್ನೂ ಹೇಳಬೇಕು. "ಉಪ್ಪ ಕಮ್ಮಿ ಆಗೇತಿ ಅನ್ರಿ. ಅಡಗಿ ಕೆಟ್ಟೈತಿ ಅನಬ್ಯಾಡ್ರಿ" ಅಂದಿದ್ದರು.

ನಂದೀಶ ಎರಡೂ ನಿಯಮಗಳಿಗೆ ಹಿಂಬಾಗಿಲು ಹುಡುಕಿಕೊಂಡಿದ್ದ. ಬೆಟಗೇರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಇಲಿಯಾಸ ಒಬ್ಬ ಅಜ್ಜನ ಫೋಟೊ ಇಟ್ಟಾಗ, "ಅಜ್ಜನ ನೆತ್ತಿ ಮ್ಯಾಲೆ ಲೈಟಿನ ಕಂಬ ಬೆಳದೈತಲ್ಲೋ ಇಲಿಯಾಸ, ಮೀಟರ್ ಎಲ್ಲಿ ಕುಂದ್ರಿಸ್ಯಾರ?" ಅಂದ. ಎಲ್ಲರೂ ನಕ್ಕರು. ಎರಡು ಹೆಜ್ಜೆ ಬದಿಗೆ ಸರಿದು ನಿಂತಿದ್ದರೆ ಕಂಬ ತಪ್ಪುತ್ತಿತ್ತು ಎಂಬ ಮಾತು ಆ ನಗುವಿನಲ್ಲಿ ಹೊರಗೇ ಬರಲಿಲ್ಲ. ತನ್ನ ಸರದಿ ಬಂದಾಗ ಮಾತ್ರ ನಂದೀಶ ಕುದಿಯುವ ಚಹಾವನ್ನು ಎರಡೇ ಗುಟುಕಿಗೆ ಇಳಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಖಾಲಿ ಕಪ್ಪು ಕುಕ್ಕಿ ವಾದಕ್ಕೆ ಇಳಿಯುತ್ತಿದ್ದ. ಸೋಮವಾರದ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅವನ ಸುಟ್ಟ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ನವೆಂಬರಿನ ಒಂದು ಬೆಳಗ್ಗೆ ಹೊಂಬಳದ ಹೊಲದಲ್ಲಿ ಅವನ ಕ್ಯಾಮೆರಾಕ್ಕೆ ಒಂದು ಒಳ್ಳೆಯ ಗಳಿಗೆ ಸಿಕ್ಕಿತು. ಮೈಲಾರಪ್ಪ ಎಂಬ ರೈತ ಮೊಣಕಾಲೆತ್ತರದ ಬಿಳಿಜೋಳದ ಸಾಲುಗಳ ನಡುವೆ ಜೋಡೆತ್ತು ಹೂಡಿ ಕಳೆ ಹರಗುತ್ತಿದ್ದ. ಎಳೆಬಿಸಿಲು ಎತ್ತುಗಳ ಬೆನ್ನ ಮೇಲೆ ಬಿದ್ದಿತ್ತು. ಮೈಲಾರಪ್ಪ ಬಾರಕೋಲು ಎತ್ತಿ ಏನೋ ಕೂಗಿದ. ನಂದೀಶ ಗುಂಡಿ ಒತ್ತಿದ.

ಆ ಫೋಟೊ ಮೊಬೈಲಿನಲ್ಲಿ ಕಂಡು ಸಾವ್ಕಾರರು ಕನ್ನಡಕ ಏರಿಸಿದರು. ಪ್ರತಿ ವರ್ಷ ಅಂಗಡಿಯ ಕ್ಯಾಲೆಂಡರಿಗೆ ಪ್ರೆಸ್ಸಿನವರ ಆಲ್ಬಮಿನಿಂದ ಹಿಮದ ಬೆಟ್ಟವನ್ನೋ ಕೆಂಪು ಛಾವಣಿಯ ಮನೆಯನ್ನೋ ಆರಿಸುತ್ತಿದ್ದರು. "ಲೇ ನಂದ್ಯಾ, ಈ ಸಲ ಇದನ್ನ ಹಾಕೂಣು. ಕೆಳಗ ನಿನ್ನ ಹೆಸರೂ ಹಾಕಸತೇನಿ."

ಎರಡು ಸಾವಿರ ಕ್ಯಾಲೆಂಡರು, ಸುತ್ತಲಿನ ಎರಡು ಸಾವಿರ ಮನೆಯ ಗೋಡೆ, ವರ್ಷವಿಡೀ ಅವನ ಹೆಸರು! ಬಿಲ್ಲಿನ ಮೂಲೆಯಲ್ಲಿ ಗೀಚುವ ಸಹಿ ಬಿಟ್ಟರೆ ನಂದೀಶನ ಹೆಸರು ಕಾಗದದ ಮೇಲೆ ಎಲ್ಲೂ ಬಿದ್ದಿರಲಿಲ್ಲ. ಅವನು ಆ ದಿನ ಮೂರು ಬಿಲ್ಲುಗಳನ್ನು ತಪ್ಪು ಬರೆದ. ತಾಯಿಗೆ ಫೋನ್ ಮಾಡಿ ಮೊಳೆ ಹೊಡೆದಿಡಲು ಹೇಳಿದ.

ಭಾನುವಾರ ಶಿರಹಟ್ಟಿಯ ಹೋಟೆಲಿನಲ್ಲಿ ಫೋಟೊ ಮೇಜಿಗೆ ಬಿತ್ತು, ಚಹಾ ಕೈಗೆ ಬಂತು. ಇಲಿಯಾಸ ಮೊಬೈಲಿನಲ್ಲಿ ಹೊಸದಾಗಿ ಫೋಟೊಗ್ರಫಿ ಪಾಠ ನೋಡಿ ಬಂದಿದ್ದ.

"ಫೋಟೊ ಭಾಳ ಚಲೋ ಐತಿ. ಆದ್ರ ಎತ್ತು ಎಡಕ್ಕ ಮುಖಾ ಮಾಡಿ ಹೊಂಟಾವ. ನಾವು ಓದೂದು ಎಡದಿಂದ ಬಲಕ್ಕ. ನೋಡಾವನ ಕಣ್ಣು ಈ ಕಡಿಂದ, ಎತ್ತು ಆ ಕಡಿಂದ, ನಡಕ ಡಿಕ್ಕಿ. ಕನ್ನಡಿಯೊಳಗ ಕಂಡಂಗ ಹೊರಳಿಸಿಬಿಡು. ಮತ್ತ ಕೆಳಗ ಮಣ್ಣು ಜಾಸ್ತಿ ಆಗೇತಿ, ಮೂಲ್ಯಾಗ ಯಾವುದೋ ಬುಟ್ಟಿ. ಅಷ್ಟು ಕತ್ತರಿಸು."

ಶಿವರಂಜನಿ ಅಕ್ಕೋರು ಫೋಟೊ ಹತ್ತಿರ ಹಿಡಿದು ನೋಡಿದರು. "ನಂಗ ಎತ್ತಿನ ಬಗ್ಗೆ ಅಷ್ಟು ತಿಳಿಯಂಗಿಲ್ಲ. ಏನರ ಬದಲಾಸೂಕಿಂತ ಮೊದಲ ಆ ಹೊಲದವ್ರಿಗೆ ಒಮ್ಮೆ ತೋರಸ್ರಿ."

ನಂದೀಶನ ಕಪ್ಪು ಅಷ್ಟರಲ್ಲಿ ಖಾಲಿಯಾಗಿತ್ತು. "ಅವ್ರಿಗೇನ್ ತಿಳೀತೈತ್ರಿ ಅಕ್ಕೋರ, ಫೋಟೊ ಅಂದ್ರ?" ಅಂದ. ನಾಲಿಗೆ ಸುಟ್ಟಿದ್ದರಿಂದ ಮಾತು ತೊದಲಿತು. ಇಲಿಯಾಸನ ಮಾತು ಮಾತ್ರ ಅವನಿಗೆ ಹಿಡಿಸಿತು; ಬೆರಳು ಒಮ್ಮೆ ಒತ್ತಿದರೆ ಮುಗಿಯುವ ಕೆಲಸ. ಕ್ಯಾಮೆರಾ ಕೊರಳಿಗೆ ಬಿದ್ದಾಗಿನಿಂದ ಯಾರ ಮಾತೂ ಕೇಳದವನು ಅಂದು ಒಂದು ಮಾತು ಕೇಳಿದ. ಕೇಳಿದ್ದು ಅದನ್ನೇ.

ಕೆಳಗಿನ ಮಣ್ಣು ಕತ್ತರಿಸಿ ಹೊರಳಿಸಿದ ಮೇಲೆ ಎತ್ತುಗಳು ಬಲಕ್ಕೆ ಠೀವಿಯಿಂದ ಹೊರಟವು. ಸಾವ್ಕಾರರು ಮೆಚ್ಚಿದರು. ಗುರುವಾರ ಪ್ರೆಸ್ಸಿನಿಂದ ಪ್ರೂಫ್ ಬಂತು. ಮೇಲೆ ದೇವರು ಪ್ರಸನ್ನ, ಅದರ ಕೆಳಗೆ ಅಂಗಡಿಯ ಹೆಸರು, ನಡುವೆ ಎತ್ತುಗಳು, ತಳದಲ್ಲಿ ಸಾಸಿವೆ ಗಾತ್ರದ ಅಕ್ಷರಗಳಲ್ಲಿ "ಛಾಯಾಚಿತ್ರ: ನಂದೀಶ, ಅಂತೂರ ಬೆಂತೂರ". ಶುಕ್ರವಾರ ಮಧ್ಯಾಹ್ನ ಮಷಿನ್ ಶುರು. ನಂದೀಶ ಪ್ರೂಫನ್ನು ಸುರುಳಿ ಸುತ್ತಿ ಸಂಜೆಯ ಬಸ್ಸಿಗೆ ಹೊಂಬಳಕ್ಕೆ ಹೊರಟ. ಅಭಿಪ್ರಾಯ ಕೇಳಲಿಕ್ಕಲ್ಲ, ಹೊಗಳಿಸಿಕೊಳ್ಳಲಿಕ್ಕೆ.

ಮೈಲಾರಪ್ಪ ಕಟ್ಟೆಯ ಮೇಲೆ ಕುಳಿತು ಪ್ರೂಫ್ ಬಿಚ್ಚಿ ಹಿಗ್ಗಿದ. "ಏ, ಭಾಳ ಚಲೋ ಬಂದೈತಿ ಬಿಡಪಾ! ಪೇಟೆದಾಗೆಲ್ಲಾ ನನ್ನ ಮಾರಿ ಅನ್ನು." ಹೆಂಡತಿ ಫಕ್ಕೀರವ್ವ ಚಹಾ ತಂದು ನಂದೀಶನ ಕೈಗಿತ್ತು, ಸೆರಗಿಗೆ ಕೈ ಒರೆಸಿಕೊಂಡು ಬಾಗಿ ನೋಡಿದಳು. ಅವಳ ಹುಬ್ಬು ಗಂಟಾಯಿತು.

"ಅಲ್ಲಾ, ನಿಮಗೇನ್ ಬುದ್ಧಿಗಿದ್ದಿ ಐತೇನು? ಎತ್ತು ಅದಲಿ ಬದಲಿ ಹೂಡೀರಲ್ಲ!"

"ನಾ ಎಲ್ಲಿ ಬದಲಿ ಹೂಡೇನಿ?"

"ಕಣ್ಣ ತಗದು ನೋಡ್ರಿ. ಕೆಂದ್ಯಾ ಎಡಗಡಿಯಾವ, ಬಿಳಿಯಾ ಬಲಗಡಿಯಾವ. ಇಲ್ಲಿ ಕೆಂದ್ಯಾ ಬಲಕ್ಕ ಬಂದಾನ. ನಾ ಬುತ್ತಿ ಇಟ್ಟು ಹೊಳ್ಳೂದರಾಗ ಇಂಥಾ ಕೆಲಸಾ ಮಾಡೀರಿ? ಎಂಟ ವರ್ಷದ ರೂಢಿ ಒಂದ ದಿನದಾಗ ಕೆಡಸಬೇಕಂತ ಮಾಡೀರೇನು?"

"ನಿನ್ನಾಣೆ ಇಲ್ಲ! ಬಲಕ್ಕ ಹೂಡಿದ್ರ ಕೆಂದ್ಯಾ ಒಂದ ಹೆಜ್ಜಿ ಇಡತಾನೇನ?"

ನಂದೀಶ ಬಾಯಿ ತೆರೆದ. ಕೈಯಲ್ಲಿ ಕಪ್ಪು ತುಂಬಿತ್ತು. ರೂಢಿಯಂತೆ ಗುಟುಕರಿಸಹೋದ. ಫಕ್ಕೀರವ್ವನ ಚಹಾ ಹೋಟೆಲಿನ ಚಹಾ ಅಲ್ಲ. ಒಲೆಯಿಂದ ನೇರ ಇಳಿದದ್ದು. ಅವನು ಕೆಮ್ಮುತ್ತ ಕುಳಿತ. ಗಂಡ-ಹೆಂಡತಿ ಪ್ರೂಫಿನ ಮೇಲೆ ಇನ್ನಷ್ಟು ಬಾಗಿದರು.

"ಇದೇನಿದು? ಬಿಳಿಯಾನ ಬಲಗೋಡು ಮುರದೈತಿ. ಇಲ್ಲಿ ಬಲಗೋಡು ನೆಟ್ಟಗೈತಿ, ಎಡಗೋಡು ಮುರದೈತಿ!" ಅಂದಳು ಅವಳು.

"ಅದ ಹಾಳಾಗ್ಲಿ, ನನ್ನ ಕೈ ನೋಡು. ಬಾರಕೋಲು ಎಡಗೈಯಾಗ ಐತಿ. ನಾ ಯಾವಾಗ ಎಡಚ ಆದ್ನೇ?" ಎಂದು ಮೈಲಾರಪ್ಪ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಇಷ್ಟೂ ಊರಾಗ ಇದನ್ನ ತೂಗ ಹಾಕಿದ್ರ ಮಂದಿ ಏನಂದಾರು? ಮೈಲಾರಪ್ಪಗ ಎತ್ತು ಹೂಡಾಕ ಬರಂಗಿಲ್ಲ ಅಂತಾರ. ಹೊಂಬಳದಾಗ ಬಾಳೇ ಮಾಡಾಕ ಆಗಂಗಿಲ್ಲ."

ನಂದೀಶ ಕಪ್ಪು ಕೆಳಗಿಟ್ಟ. "ಕಾಕಾ, ನಿಮ್ಮದೇನೂ ತಪ್ಪಿಲ್ರಿ. ನಾನ ಫೋಟೊ ಹೊರಳಿಸೇನಿ."

"ಯಾಕ?"

"ನೋಡೋರ ಕಣ್ಣು ಎಡದಿಂದ ಬಲಕ್ಕ ಹೋಗತೈತಂತ್ರಿ..."

"ಎತ್ತು ಹೊಲಾ ನೋಡ್ಕೊಂಡು ಹೋಗತಾವೋ ತಮ್ಮಾ, ನೋಡೋರ ಕಣ್ಣು ನೋಡ್ಕೊಂಡು ಹೋಗತಾವೋ?" ಎಂದು ಫಕ್ಕೀರವ್ವ ಕೇಳಿದಳು. ಸಿಟ್ಟು ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಅವನಿಗೆ ಅದೇ ಹೆಚ್ಚು ತಾಗಿತು. ರೈತನ ಮಗನಾಗಿ ಹುಟ್ಟಿ, ದಿನಕ್ಕೆ ನೂರು ರೈತರಿಗೆ ಬಿಲ್ ಬರೆದು, ಎತ್ತಿಗೆ ಎಡಬಲ ಉಂಟು ಎಂಬುದೇ ಅವನ ತಲೆಗೆ ಹೊಳೆದಿರಲಿಲ್ಲ. ಅವನ ಮನೆಗೆ ಟ್ರ್ಯಾಕ್ಟರ್ ಬಂದು ಹದಿನೈದು ವರ್ಷವಾಗಿತ್ತು.

ಮೊಬೈಲ್ ತೆಗೆದು ಮೂಲ ಫೋಟೊ ತೋರಿಸಿದ. ಫಕ್ಕೀರವ್ವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇದ ಬರೋಬರಿ ಐತಿ. ಬಿಸಲು ಭಾಳ ಚಂದ ಹಿಡದಿ, ನಮ್ಮ ಕೆಂದ್ಯಾ ಬಂಗಾರದಂಗ ಕಾಣತಾನ. ಮತ್ತ ಆ ಕಾಗದದಾಗ ಕಾಲ ಯಾಕ ಕಡದಿ? ಎತ್ತ ಕೊಳ್ಳಾವ ಮೊದಲ ಗೊರಸು ನೋಡತಾನ. ಕಾಲ ಇಲ್ಲದ ಎತ್ತು ಯಾರಿಗೆ ಬೇಕು? ಮತ್ತ ನನ್ನ ಬುತ್ತಿ ಎಲ್ಲಿ ಹೋತು?"

ಇಲಿಯಾಸ ಕತ್ತರಿಸಲು ಹೇಳಿದ ಬುಟ್ಟಿ ಅದು.

ಕಡೆಯ ಬಸ್ಸಿನಲ್ಲಿ ಗದಗಿಗೆ ಮರಳುವಾಗ ನಂದೀಶ ಲೆಕ್ಕ ಹಾಕಿದ: ಫಕ್ಕೀರವ್ವ ತಪ್ಪು ಹೇಳಿದಳು, ಬಿಸಿಲು ಹಿಡಿದದ್ದನ್ನು ಹೊಗಳಿದಳು, ತಿದ್ದುವ ದಾರಿಯನ್ನೂ ಹೇಳಿದಳು. ಅಕ್ಕೋರ ಬಳಗಕ್ಕೆ ಒಂದು ದಿನವೂ ಬಾರದ ಹೆಂಗಸು. ಸುಮ್ಮನಿದ್ದರೆ ನಾಳೆ ಮಧ್ಯಾಹ್ನ ಅವನ ಹೆಸರು ಅಚ್ಚಾಗುತ್ತದೆ, ಮೈಲಾರಪ್ಪ ಎಡಚನಾಗುತ್ತಾನೆ. ಹೇಳಿದರೆ ಸಾವ್ಕಾರರು ಸಿಟ್ಟಿಗೆದ್ದು ಮತ್ತೆ ಹಿಮದ ಬೆಟ್ಟಕ್ಕೇ ಹೋಗಬಹುದು.

ಶುಕ್ರವಾರ ಬೆಳಗ್ಗೆ ಅಂಗಡಿ ತೆರೆಯುತ್ತಲೇ ಹೇಳಿಬಿಟ್ಟ.

"ಯಾರ್ ನೋಡತಾರ ಬಿಡೋ ಅದನ್ನ" ಎಂದರು ಸಾವ್ಕಾರರು. ಅವರ ಕಾಲು ಹೊಲದ ಮಣ್ಣು ತುಳಿದು ಎಷ್ಟು ಕಾಲವಾಗಿತ್ತೋ. ನಂದೀಶ ವಾದಕ್ಕಿಳಿಯಲಿಲ್ಲ. ಗೊಬ್ಬರಕ್ಕೆ ಬಂದು ನಿಂತಿದ್ದ ಸೊರಟೂರಿನ ರೈತನೊಬ್ಬನ ಮುಂದೆ ಪ್ರೂಫ್ ಬಿಚ್ಚಿ, "ಯಜಮಾನ್ರ, ಇದು ಹ್ಯಾಂಗೈತ್ರಿ?" ಎಂದು ಕೇಳಿದ.

ಆತ ಎಲೆ-ಅಡಿಕೆ ದವಡೆಗೆ ಸರಿಸಿ ನೋಡಿದ. "ಚಲೋ ಐತ್ರಿ. ಆದ್ರ ಇವ ಯಾವೂರಾಂವ? ಎಡಗೈಲೆ ಬಾರಕೋಲು ಹಿಡದಾನಲ್ಲ."

ಸಾವ್ಕಾರರು ಪ್ರೆಸ್ಸಿಗೆ ಫೋನ್ ಹಚ್ಚಿ ನಂದೀಶನ ಕೈಗೆ ಕೊಟ್ಟರು.

ಪ್ರೆಸ್ಸಿನಲ್ಲಿ ಕಂಪ್ಯೂಟರಿಗೆ ಕುಳಿತ ತಾರೀಖ ಎಂಬ ಹುಡುಗ ಮೂಲ ಫೋಟೊ ಕೂರಿಸಿ, ಹತ್ತು ನಿಮಿಷ ಬಿಟ್ಟು ತಿರುಗಿ ಫೋನ್ ಮಾಡಿದ. "ಗೊರಸು ಬಂದಾವ, ಬುತ್ತಿ ಬಂದೈತಿ. ನಿಮ್ಮ ಹೆಸರಿಗೆ ಜಾಗಾ ಉಳದಿಲ್ರಿ. ಹೆಸರು ಬುತ್ತಿ ಮ್ಯಾಲೆ ಹಾಕಬೇಕು, ಇಲ್ಲಾ ಕಾಲ ಕಡೀಬೇಕು. ಇಲ್ಲಾಂದ್ರ ಅಂಗಡಿ ಮೂರು ಫೋನ್ ನಂಬರದಾಗ ಒಂದು ತಗೀಬೇಕು."

ನಂದೀಶ ಅದನ್ನೇ ಸಾವ್ಕಾರರಿಗೆ ಒಪ್ಪಿಸಿದ.

"ನಂಬರ ಮುಟ್ಟಬ್ಯಾಡ" ಎಂದರು ಅವರು. "ನಿನ್ನ ಹೆಸರು ಓದಿ ಯಾರೂ ಯೂರಿಯಾಕ್ಕ ಫೋನ್ ಮಾಡಂಗಿಲ್ಲ."

ಬುತ್ತಿಯ ಮೇಲೆ ಹೆಸರು. ಫಕ್ಕೀರವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು ಕಟ್ಟಿದ ಬುತ್ತಿ. ಅದರ ಮೇಲೆ ತನ್ನ ಹೆಸರು ಕುಳಿತರೆ ಅವಳು ಏನನ್ನಬಹುದು ಎಂದು ಯೋಚಿಸಿ ನಂದೀಶನಿಗೆ ಸುಟ್ಟ ನಾಲಿಗೆ ಇನ್ನೊಮ್ಮೆ ಉರಿಯಿತು.

"ಹೆಸರು ತಗೀರಿ" ಎಂದ. ಅಂದು ಸಂಜೆಯವರೆಗೆ ಬೇರೆ ಯಾವ ಮಾತೂ ಅವನಿಂದ ಹೊರಡಲಿಲ್ಲ. ಅಂಗಡಿಯಲ್ಲಿ ಯಾರಿಗೂ ಅದು ಹೊಸದೆನಿಸಲಿಲ್ಲ.

ಲಕ್ಷ್ಮೇಶ್ವರದ ಭಾನುವಾರ ಬಳಗದ ಮುಂದೆ ಎಲ್ಲವನ್ನೂ ಒಪ್ಪಿಸಿದ. ಇಲಿಯಾಸ ಕಿವಿ ಹಿಡಿದುಕೊಂಡ. "ತಪ್ಪಾತಲೇ. ಪಾಠಾ ಹೇಳಿದಾಂವ ಎತ್ತಿನ ಸುದ್ದೀನ ಎತ್ತಿರಲಿಲ್ಲ." ನಂದೀಶ ಅವನ ಹೊಸ ಫೋಟೊ ಎಳೆದುಕೊಂಡ, ನೇಕಾರನೊಬ್ಬ ಮಗ್ಗದ ಮೇಲೆ ಬಾಗಿದ್ದ ಚಿತ್ರ. ಬಾಯಿತುದಿಗೆ ಒಂದು ಚಾಟಿ ಮಾತು ಬಂದೇ ಬಂತು. ನುಂಗಿಕೊಂಡು, "ಬೆಳಕು ಚಲೋ ಐತಿ. ಕೈ ಕಾಣವಲ್ವು, ಒಂದೀಟು ಮುಂದ ಹೋಗಿ ತಗೀ. ಮತ್ತ ಇದನ್ನ ಆ ನೇಕಾರಗ ತೋರಿಸಿದೇನು?" ಅಂದ. ಶಿವರಂಜನಿ ಅಕ್ಕೋರು ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು. ಫೋಟೊದಲ್ಲಿರುವವರಿಗೆ ಮೊದಲು ತೋರಿಸಬೇಕು ಎಂಬ ಮೂರನೆಯ ನಿಯಮ ಅಂದು ಸೇರಿತು.

ಹೊಸ ವರ್ಷದ ಮೊದಲ ವಾರ ನಂದೀಶ ಹೊಂಬಳಕ್ಕೆ ಹೋದಾಗ ಕ್ಯಾಲೆಂಡರು ಪಡಸಾಲೆಯ ನಡುಗೋಡೆಯಲ್ಲಿತ್ತು. ಎತ್ತುಗಳು ಎಡಕ್ಕೆ ಹೊರಟಿದ್ದವು, ಗೊರಸು ಮಣ್ಣಿನಲ್ಲಿತ್ತು, ಮೂಲೆಯಲ್ಲಿ ಬುತ್ತಿ. ನೆರೆಮನೆಯ ಸುಮಿತ್ರವ್ವ ಕಡ್ಲಿ ಕೇಳಲು ಬಂದವಳು ಅದರ ಮುಂದೆ ನಿಂತಿದ್ದಳು.

"ಯಾರು ತಗದದ್ದವಾ ಇದನ್ನ?"

"ಇಂವನ, ಅಂತೂರ ಬೆಂತೂರ ನಂದೀಶ" ಎಂದು ಫಕ್ಕೀರವ್ವ ಅವನತ್ತ ಕೈ ಮಾಡಿದಳು. ನಂದೀಶ ನೆಟ್ಟಗೆ ಕುಳಿತ. "ಬಂದ ಮಂದಿಗೆಲ್ಲಾ ಇವನ ಹೆಸರು ಹೇಳೇನಿ. ಮೊದಲ ಉಲ್ಟಾ ಮಾಡಿದ್ದ, ಎತ್ತಿನ ಕಾಲೂ ಕಡದಿದ್ದ. ನಾನ ಹೇಳಿ ಸರಿ ಮಾಡಿಸಿದೆ."

"ಖರೇನೇನೋ ತಮ್ಮಾ?" ಎಂದು ಸುಮಿತ್ರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಹೇಳಲು ಅವನ ಹತ್ತಿರ ಬೇಕಾದಷ್ಟಿತ್ತು. ಹೊರಳಿಸಲು ಹೇಳಿದ್ದು ಇಲಿಯಾಸ, ಕಾಲು ಕತ್ತರಿಸಲು ಹೇಳಿದ್ದೂ ಅವನೇ, ಬೆಳಕು ಮಾತ್ರ ಪೂರಾ ತನ್ನದು. ಆದರೆ ಕೈಯಲ್ಲಿದ್ದ ಕಪ್ಪಿನಲ್ಲಿ ಇನ್ನೂ ಅರ್ಧ ಚಹಾ ಉಳಿದಿತ್ತು. ನಂದೀಶ ಅದನ್ನು ಊದಿ ಊದಿ, ಸಾವಕಾಶ ಕುಡಿಯುತ್ತ ಕುಳಿತ.