ತಟ್ಟೆ ಹಿಡಿದವರನ್ನು ನಂಬದ ಕರಿಬೆಲ್ಲ

ಬೆಳಗಿನ ನಾಲ್ಕೂವರೆಗೆ ಲೂಕಾಂಗ್ ಊರಾಚೆ, ನೀರಿನ ನಲ್ಲಿ ತಯಾರಿಸುವ ಕಾರ್ಖಾನೆಗಳ ಓಣಿಯಲ್ಲಿ, ನಾಯಿಗಳನ್ನು ಬಿಟ್ಟರೆ, ಎಚ್ಚರವಾಗಿರುವವರು ಇಬ್ಬರೇ. ಒಬ್ಬರು ಪ್ರತಿ ಗೇಟಿನ ಒಳಬದಿಯ ಪುಟ್ಟ ಗುಡಿಯಲ್ಲಿ ಬಿಳಿ ಗಡ್ಡ ಬಿಟ್ಟುಕೊಂಡು ಕೂತಿರುವ ಭೂಮಿತಾತ, ನೆಲ ಕಾಯುವ ದೇವರು. ಇನ್ನೊಬ್ಬರು ಅರವತ್ತೊಂಬತ್ತು ವರ್ಷದ ಹೆಂಗಸು ಶೀ ಬೊಂಗ್‌ಚಿ. ದೇವರದು ಶಾಂತ ಮುಖ. ಬೊಂಗ್‌ಚಿಯದು ಹಾಗಲ್ಲ.

ಸ್ಕೂಟರಿನ ಮುಂದೊಂದು ಬಕೆಟ್, ಹಿಂದೊಂದು ಬಕೆಟ್. ಎರಡರಲ್ಲೂ ಕೋಳಿ ಮೂಳೆಯ ಸಾರಿನಲ್ಲಿ ಬೇಯಿಸಿದ ಅನ್ನ ಮತ್ತು ಕುಂಬಳಕಾಯಿ. ಮೊದಲನೇ ಗೇಟಿನ ಬೀಗ ತೆಗೆದು ಒಳಹೊಕ್ಕ ಬೊಂಗ್‌ಚಿ ಊಟ ಬಡಿಸುವುದಿಲ್ಲ. ಓಡಿಬಂದ ಕಂದು ನಾಯಿಯ ದವಡೆಯನ್ನು ಎರಡು ಕೈಯಲ್ಲಿ ಹಿಡಿದು ಬಾಯಗಲಿಸಿ, ಅದರೊಳಗೆ ಮೂಗಿಟ್ಟು ಮೂಸುತ್ತಾರೆ.

"ಹಂದಿಮಾಂಸದ ಕಡುಬು. ಬೆಳ್ಳುಳ್ಳಿ ಜಾಸ್ತಿ. ಇದು ಲಾರಿ ತುಂಬೋ ಆ ದಪ್ಪನೆಯವನದ್ದೇ ಕೆಲಸ," ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನ ಕಡೆ ತಿರುಗುತ್ತಾರೆ. "ಸಾವಿರ ಸಲ ಹೇಳಿದೀನಿ. ನಾಯಿಗೆ ಏನೂ ಹಾಕ್ಬೇಡ ಅಂತ. 'ಪಾಪ ಅಕ್ಕ, ನೋಡ್ತಾ ಇತ್ತು' ಅಂತಾನೆ. ನೋಡೋದಕ್ಕೇ ಅಲ್ವೇನಯ್ಯ ಅದನ್ನ ಇಟ್ಟಿರೋದು!"

ಹನ್ನೊಂದು ಕಾರ್ಖಾನೆ, ಹತ್ತೊಂಬತ್ತು ನಾಯಿ. ಬೆಳಿಗ್ಗೆ ಅಷ್ಟನ್ನೂ ಉಣ್ಣಿಸಿ, ಕೆಲಸಗಾರರು ಬರುವ ಮೊದಲು ಸರಪಳಿಗೆ ಹಾಕಬೇಕು. ಸಂಜೆ ಆರಕ್ಕೆ ಮತ್ತೆ ಬಂದು ಅಂಗಳಕ್ಕೆ ಬಿಡಬೇಕು. ರಜೆಯ ದಿನ ಹಗಲೂ ಬಿಟ್ಟಿರಬೇಕು. ಉಣ್ಣೆ ಹುಳ ಕೀಳುವುದು, ಕಿವಿ ತೊಳೆಯುವುದು, ಹಡೆದರೆ ಬಾಣಂತನ, ಸತ್ತರೆ ಮಣ್ಣು, ಎಲ್ಲ ಇವರದೇ. ಇಷ್ಟು ವರ್ಷದಲ್ಲಿ ಮೂರು ಸಲ ಕಚ್ಚಿಸಿಕೊಂಡಿದ್ದಾರೆ. ಮೂರು ಸಲವೂ ತಪ್ಪು ತನ್ನದೇ ಎನ್ನುತ್ತಾರೆ.

ಅವರ ಹೆಸರಿಗೆ ಆ ನಾಡಿನ ಮಾತಿನಲ್ಲಿ 'ಹೇಗೋ ಸಾಕಿದರಾಯಿತು' ಎಂದರ್ಥ. ಗಂಡು ಬೇಡಿದ ಮನೆಯಲ್ಲಿ ನಾಲ್ಕನೆಯದೂ ಹೆಣ್ಣಾದಾಗ ಇಡುತ್ತಿದ್ದ ಹೆಸರು ಅದು. ಹದಿನಾರಕ್ಕೆ ನಲ್ಲಿ ಕಾರ್ಖಾನೆ ಸೇರಿದ ಅವರು ಇಪ್ಪತ್ತಾರು ವರ್ಷ ಹಿತ್ತಾಳೆ ನಲ್ಲಿಗಳಿಗೆ ಹೊಳಪು ಕೊಟ್ಟರು. ತಿರುಗುವ ಚಕ್ರ ಎಡಗೈಯ ತೋರುಬೆರಳಿನ ತುದಿ ಕಿತ್ತುಕೊಂಡಿತು. ಹಿತ್ತಾಳೆ ಧೂಳು ಇವತ್ತಿಗೂ ಕೆಮ್ಮಾಗಿ ಹೊರಬರುತ್ತದೆ. ಒಂದು ವಸಂತದಲ್ಲಿ ಧಣಿ ಯಂತ್ರಗಳನ್ನೆಲ್ಲ ಹಡಗಿಗೇರಿಸಿ ಸಮುದ್ರದಾಚೆ ಹೋದ. ಕೆಲಸಗಾರರು ಚದುರಿದರು. ಕಾರ್ಖಾನೆಯ ನಾಯಿಗೆ ಮಾತ್ರ ಯಾರೂ ಸುದ್ದಿ ಹೇಳಲಿಲ್ಲ.

"ಖಾಲಿ ಶೆಡ್ಡು ಕಾಯ್ತಾ ಕೂತಿತ್ತು. ಎರಡು ತಿಂಗಳು ದಿನಾ ಅನ್ನ ತಗೊಂಡ್ ಹೋದೆ. ಪಕ್ಕದ ಕಾರ್ಖಾನೆಯವರು ನೋಡಿ, ನಮ್ಮದನ್ನೂ ನೋಡ್ಕೋ ಅಂದ್ರು. ಅಷ್ಟೇ. ಬೇರೇನೂ ಕತೆ ಇಲ್ಲ, ಬರ್ಕೊಳೋಕೆ."

ನಾಲ್ಕನೇ ಗೇಟು ಲಿಯಾವ್ ಚಿನ್‌ತ್ಯೆನ್ ಅವರದು. ಇಲ್ಲಿರುವುದು ಒಂಬತ್ತು ವರ್ಷದ ಕಪ್ಪು ಹೆಣ್ಣುನಾಯಿ. ಅವರು ಕರೆಯುವ ಹೆಸರನ್ನು ನಮ್ಮ ಬಾಯಿಗೆ ತಂದರೆ ಕರಿಬೆಲ್ಲ. ಬೊಂಗ್‌ಚಿ ಬಾಯಿ ಮೂಸುತ್ತಾರೆ. ಏನೂ ಇಲ್ಲ. ನೆಗ್ಗಿದ ಬಟ್ಟಲಿಗೆ ಅನ್ನ ಹಾಕಿ "ಹ್ಞೂಂ" ಎಂದ ಮೇಲೆಯೇ ಅದು ತಲೆ ಬಗ್ಗಿಸುತ್ತದೆ. ಇವತ್ತು ಬಿದಿಗೆ. ಕರಿಬೆಲ್ಲ ಈ ಅಂಗಳದಲ್ಲಿ ಉಳಿಯುತ್ತದೋ, ನಗರಸಭೆಯ ನಾಯಿದೊಡ್ಡಿಗೆ ಹೋಗುತ್ತದೋ ಎಂಬುದು ಇನ್ನೆರಡು ಗಂಟೆಯಲ್ಲಿ ತೀರ್ಮಾನವಾಗಲಿದೆ. ದೊಡ್ಡಿಗೆ ಹೋದ ಮುದಿನಾಯಿಯನ್ನು ಯಾರೂ ಮನೆಗೆ ಕರೆದೊಯ್ಯುವುದಿಲ್ಲ.

ನಡೆದದ್ದು ಇಷ್ಟು. ಇಲ್ಲಿ ವ್ಯಾಪಾರ ಮಾಡುವವರೆಲ್ಲ ಪ್ರತಿ ತಿಂಗಳು ಅಮಾವಾಸ್ಯೆ ಕಳೆದ ಬಿದಿಗೆಯಂದೂ ಹುಣ್ಣಿಮೆ ಕಳೆದ ಪಾಡ್ಯದಂದೂ ಭೂಮಿತಾತನಿಗೆ ಎಡೆ ಇಡುತ್ತಾರೆ. ಬೇಯಿಸಿದ ಇಡೀ ಕೋಳಿ, ಕಿತ್ತಳೆ, ಮೂರು ಊದುಕಡ್ಡಿ. ಲಿಯಾವ್ ಅವರ ಹೆಂಡತಿ ಸುಛಿಂಗ್ ಕೈ ಮುಗಿದು ಆದ ಮೇಲೆ ಕೋಳಿಯ ಒಂದು ತುಂಡು ಮುರಿದು ಕರಿಬೆಲ್ಲಕ್ಕೆ ಹಾಕುತ್ತಿದ್ದರು. ಬೊಂಗ್‌ಚಿ ಬೇಡವೆಂದರೆ ಅವರ ಉತ್ತರ ಒಂದೇ: "ಅದು ನಾನು ಕೊಡ್ತಿರೋದಲ್ಲ ಅಕ್ಕ, ತಾತನ ಪ್ರಸಾದ. ಪ್ರಸಾದ ಬೇಡ ಅನ್ನೋಕಾಗುತ್ತಾ?" ಹೀಗೆ ಒಂಬತ್ತು ವರ್ಷ.

ಕಳೆದ ಪಾಡ್ಯ ಭಾನುವಾರ ಬಂತು. ಕಾರ್ಖಾನೆಗೆ ರಜೆ. ಹಾಡಹಗಲೇ ಒಬ್ಬ ಚಿಕ್ಕ ಟೆಂಪೋದಲ್ಲಿ ಬಂದು, ಬೀಗ ಕತ್ತರಿಸಿ, ಒಂದು ಕೈಯಲ್ಲಿ ಕೋಳಿಯ ತಟ್ಟೆ, ಇನ್ನೊಂದರಲ್ಲಿ ಹೊಗೆಯಾಡುವ ಊದುಕಡ್ಡಿ ಹಿಡಿದು ಒಳಬಂದ. ಕರಿಬೆಲ್ಲ ಬಾಲ ಆಡಿಸುತ್ತ ಗುಡಿಯವರೆಗೂ ಅವನ ಜೊತೆಗೇ ನಡೆಯಿತು. ಅವನು ತಾತನಿಗೆ ಕಡ್ಡಿ ಸಿಗಿಸಿ, ಮೂರು ಸಲ ಬಗ್ಗಿ ನಮಸ್ಕರಿಸಿ, ಕೋಳಿಯನ್ನು ನಾಯಿಗೆ ಹಾಕಿ, ಹನ್ನೆರಡು ಚೀಲ ಹಿತ್ತಾಳೆ ಚೂರು ತುಂಬಿಕೊಂಡು ಹೋದ. ಎಲ್ಲವೂ ಕ್ಯಾಮೆರಾದಲ್ಲಿದೆ. ನಾನೂ ನೋಡಿದೆ. ನಮಸ್ಕಾರದಲ್ಲಿ ಅವಸರವಿರಲಿಲ್ಲ. ತಾತ ಅವನ ಕಡ್ಡಿಯನ್ನು ಬೇಡವೆನ್ನಲಿಲ್ಲ. ಎಲ್ಲರ ಕಡ್ಡಿಯನ್ನೂ ಉರಿಯಗೊಡುವುದು ದೇವರ ಸ್ವಭಾವ. ನಾಯಿಗೆ ಆ ದೊಡ್ಡತನ ಇರಕೂಡದಲ್ಲ.

"ಕಳ್ಳನಿಗೆ ದಾರಿ ತೋರ್ಸಿದ ನಾಯಿ ಇದು," ಎಂದು ಲಿಯಾವ್ ಕೂಗಾಡಿದರಂತೆ. "ಇನ್ನು ಇದಕ್ಕೆ ನಾನು ಅನ್ನ ಹಾಕ್ಬೇಕಾ?"

"ಅನ್ನ ನಾನು ಹಾಕ್ತೀನಿ. ಕೋಳಿ ಹಾಕಿದ್ದು ನೀವು," ಎಂದರಂತೆ ಬೊಂಗ್‌ಚಿ. ಕೊನೆಗೆ ಒಪ್ಪಂದವಾದದ್ದು ಬಿದಿಗೆಯವರೆಗೆ. ಆ ದಿನ ಗುರುತಿಲ್ಲದವನೊಬ್ಬ ತಟ್ಟೆ ಹಿಡಿದು ಬರುತ್ತಾನೆ. ನಾಯಿ ತಡೆದರೆ ಉಳಿಯಿತು.

ಹದಿನೈದು ದಿನ ಬೊಂಗ್‌ಚಿ ಹಳೆಯ ಹೊಳಪು ಕೆಲಸದ ಹೆಂಗಸರನ್ನೆಲ್ಲ ಎಳೆತಂದರು. ಒಬ್ಬೊಬ್ಬರೂ ಕೋಳಿ, ಊದುಕಡ್ಡಿ ಹಿಡಿದು ಗೇಟು ದಾಟಬೇಕು. ಕರಿಬೆಲ್ಲ ತಟ್ಟೆಯ ಕಡೆ ಮೂಗು ಚಾಚಿದೊಡನೆ ಗೋಡೆಯ ಹಿಂದಿನಿಂದ ಬೊಂಗ್‌ಚಿ ಬಾಣಲೆಗೆ ಮುಚ್ಚಳ ಬಡಿಯಬೇಕು. ಬೊಗಳಿದರೆ ಬಂದು ಬೆನ್ನು ಸವರಬೇಕು. "ದಿನಾ ಒಂದೇ ಕೋಳಿ ಬಿಸಿ ಮಾಡಿ ಮಾಡಿ ಅದು ಚಪ್ಪಲಿ ಥರ ಆಗಿತ್ತು. ಒಬ್ಬಳು ಕೇಳ್ತಾಳೆ, 'ಬೊಂಗ್‌ಚಿ, ಇಷ್ಟು ಪೂಜೆ ನಾವು ನಮ್ಮ ಧಣಿ ಉದ್ಧಾರಕ್ಕೂ ಮಾಡಿರ್ಲಿಲ್ವಲ್ಲೇ' ಅಂತ."

ಏಳು ಗಂಟೆ. ಯಂತ್ರಗಳು ಇನ್ನೂ ಶುರುವಾಗಿಲ್ಲ. ಕೆಲಸಗಾರರು ಸೋಯಾ ಹಾಲಿನ ಲೋಟ ಹಿಡಿದು ಗೇಟಿನಾಚೆ ಸಾಲಾಗಿ ನಿಂತಿದ್ದಾರೆ. ಲಿಯಾವ್ ಅವರು ದೂರದ ಊರಿನಿಂದ ಕರೆಸಿದ ಭಾವಮೈದುನ, ಲಾರಿ ಡ್ರೈವರ್, ತಟ್ಟೆ ಹಿಡಿದು ಒಳಗಡಿಯಿಡುತ್ತಾನೆ. ಬೊಂಗ್‌ಚಿ ಗೋಡೆಗೊರಗಿ ತುದಿಯಿಲ್ಲದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಸುಕುತ್ತಿದ್ದಾರೆ. ಮುಚ್ಚಳ ಬಾಣಲೆ ಇವತ್ತು ಅವರ ಹತ್ತಿರ ಇಲ್ಲ.

ಕರಿಬೆಲ್ಲ ಏಳುತ್ತದೆ. ಮೂಗು ಚಾಚುತ್ತದೆ. ಬಾಲ ಒಂದು ಸಲ ಅಲ್ಲಾಡುತ್ತದೆ. ಬೊಂಗ್‌ಚಿ ಕಣ್ಣು ಮುಚ್ಚುತ್ತಾರೆ. ಆಮೇಲೆ ಕೇಳುವುದು ಡ್ರೈವರನ ಕಿರುಚಾಟ. ತಟ್ಟೆ ನೆಲಕ್ಕೆ ಬಿದ್ದು, ಅವನು ಗೇಟಿನಾಚೆ ನಿಲ್ಲಿಸಿದ್ದ ತನ್ನ ಲಾರಿಯ ಮೆಟ್ಟಿಲೇರಿ ಬಾಗಿಲು ಹಾಕಿಕೊಂಡಾಗಿದೆ. ಕೋಳಿ ಅಂಗಳದ ನಡುವೆ ಬಿದ್ದಿದೆ. ಕರಿಬೆಲ್ಲ ಅದನ್ನು ದಾಟಿ ಗೇಟಿನ ಬಳಿ ನಿಂತು ಇನ್ನೂ ಬೊಗಳುತ್ತಿದೆ.

ಕೆಲಸಗಾರರು ಚಪ್ಪಾಳೆ ತಟ್ಟುತ್ತಾರೆ. ಲಿಯಾವ್ ತಲೆಯಾಡಿಸಿ, "ಆಯ್ತು, ಇರ್ಲಿ," ಎನ್ನುತ್ತಾರೆ. ಕತೆ ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಇವತ್ತು ನಿಜವಾಗಿಯೂ ಬಿದಿಗೆಯಲ್ಲವೇ. ಸುಛಿಂಗ್ ಹೊಸ ಕೋಳಿಯ ತಟ್ಟೆ, ಊದುಕಡ್ಡಿ ಹಿಡಿದು ಹೊರಗೆ ಬರುತ್ತಾರೆ. ಕರಿಬೆಲ್ಲ ಹಲ್ಲು ಕಿರಿದು ಗುಡಿಗೆ ಅಡ್ಡ ನಿಲ್ಲುತ್ತದೆ. ಅದರ ಸರಪಳಿಯ ಗೂಟವೂ ಗುಡಿಯ ಮಗ್ಗುಲಲ್ಲೇ, ಕಟ್ಟಿಹಾಕಿದರೂ ಅಡ್ಡವೇ.

"ನಾನು ಕಣೇ," ಎನ್ನುತ್ತಾರೆ ಸುಛಿಂಗ್. ಕರಿಬೆಲ್ಲಕ್ಕೆ ಅದು ಗೊತ್ತಿಲ್ಲವೆಂದಲ್ಲ. ತಟ್ಟೆ ಕಂಡಿದೆ, ಅಷ್ಟೇ.

ಲಿಯಾವ್ ತಟ್ಟೆ ಕಸಿದುಕೊಂಡು ತಾವೇ ಹೊರಡುತ್ತಾರೆ. ನಾಯಿ ಗುರ್ರೆನ್ನುತ್ತದೆ, ಎರಡೇ ಹೆಜ್ಜೆಗೆ ಹಿಂದಕ್ಕೆ ಬರುತ್ತಾರೆ. ಊದುಕಡ್ಡಿಯ ಬೂದಿ ಅಂಗಿಯ ಮೇಲೆ ಉದುರುತ್ತದೆ. "ಅಕ್ಕ, ಏನಕ್ಕ ಇದು? ನನ್ನ ಕಾರ್ಖಾನೆ, ನನ್ನ ದೇವರು, ನನ್ನ ಕೋಳಿ!"

"ನೀವು ಕೇಳಿದ್ದೇ ಇದನ್ನ."

"ಕಳ್ಳನ್ನ ತಡೀಲಿ ಅಂದೆ. ನನ್ನ ತಡೀಲಿ ಅಂದೆನಾ?"

"ಹಣೇಲಿ ಬರ್ಕೊಂಡ್ ಬನ್ನಿ ಹಾಗಾದ್ರೆ, ಓದ್ಕೊಳ್ಳುತ್ತೆ," ಎನ್ನುತ್ತಾರೆ ಬೊಂಗ್‌ಚಿ. "ಒಂಬತ್ತು ವರ್ಷ ನೀವು ಕಲ್ಸಿದ್ದನ್ನ ಹದಿನೈದು ದಿನದಲ್ಲಿ ಮರೆಸಿದೀನಿ. ಈಗ ನಿಮ್ಮನ್ನ ಬಿಡು ಅಂದ್ರೆ, ನಾಳೆ ಇನ್ನೊಬ್ಬನ್ನ ಬಿಡುತ್ತೆ. ಹ್ಞಾಂ, ಆಮೇಲೆ ನಾನು ಮತ್ತೆ ಮುಚ್ಚಳ ಬಡೀಬೇಕು. ನನಗೆ ಬೇರೆ ಹದಿನೆಂಟು ಇವೆ ಧಣಿ."

ಕಡ್ಡಿ ಅರ್ಧ ಉರಿದುಹೋಗಿದೆ. ಎಡೆ ಇಡುವ ಮುನ್ನ ಯಂತ್ರ ಶುರುಮಾಡುವ ಧೈರ್ಯ ಯಾರಿಗೂ ಇಲ್ಲ. ಮೂವತ್ತು ಜನ ಕೈಕಟ್ಟಿ ನಿಂತಿದ್ದಾರೆ. ಲಿಯಾವ್ ತಟ್ಟೆ ನೋಡುತ್ತಾರೆ, ನಾಯಿ ನೋಡುತ್ತಾರೆ, ಕೊನೆಗೆ ತಟ್ಟೆಯನ್ನು ಬೊಂಗ್‌ಚಿಯ ಕಡೆ ಚಾಚುತ್ತಾರೆ. "ನೀವೇ ಇಡಿ ಹೋಗಿ."

ಬೊಂಗ್‌ಚಿ ರಬ್ಬರ್ ಬೂಟನ್ನು ನಲ್ಲಿಯ ಕೆಳಗೆ ತೊಳೆಯುತ್ತಾರೆ. ಕೈ ತೊಳೆಯುತ್ತಾರೆ. ತಟ್ಟೆ ತೆಗೆದುಕೊಂಡು "ಹ್ಞೂಂ" ಎನ್ನುತ್ತಾರೆ. ಕರಿಬೆಲ್ಲ ಪಕ್ಕಕ್ಕೆ ಸರಿಯುತ್ತದೆ. ಧಣಿ, ಧಣಿಯ ಹೆಂಡತಿ, ಮೂವತ್ತು ಕೆಲಸಗಾರರು ಹಿಂದೆ ದೂರದಲ್ಲಿ ನಿಂತು ಕೈ ಮುಗಿಯುತ್ತಾರೆ. ಅವರೆಲ್ಲರ ಪರವಾಗಿ ಭೂಮಿತಾತನ ಮುಂದೆ ಬಗ್ಗುವುದು ನಾಯಿಗೆ ಅನ್ನ ಹಾಕುವ ಹೆಂಗಸು. ಇನ್ನು ಮೇಲೆ ಪ್ರತಿ ಬಿದಿಗೆ, ಪ್ರತಿ ಪಾಡ್ಯ ಹೀಗೆಯೇ ಎಂದು ಅಲ್ಲೇ ಗೊತ್ತುಮಾಡಿಕೊಂಡಾಯಿತು.

ಹೊರಡುವಾಗ ಕೇಳುತ್ತೇನೆ: ನಿಮಗೇನು ಆಸೆ? ಬೊಂಗ್‌ಚಿ ಬಕೆಟ್ಟಿನ ತಳ ಕೆರೆಯುತ್ತಿದ್ದಾರೆ.

"ಒಂದು ದಿನ. ಒಂದೇ ದಿನ ಹತ್ತೊಂಬತ್ತು ಬಾಯೂ ಮೂಸಿದಾಗ ನಾನು ಹಾಕಿದ ಅನ್ನದ ವಾಸನೆ ಬಿಟ್ಟು ಇನ್ನೇನೂ ಬರಬಾರದು. ಬರಲ್ಲ ಬಿಡಿ, ಈ ಜನ ಇರೋವರೆಗೆ." ಸ್ಕೂಟರ್ ಏರಿ, ಕಾಲು ನೆಲಕ್ಕೂರಿ, ಗುಡಿಯ ಕಡೆ ತಿರುಗಿ ನೋಡುತ್ತಾರೆ. "ಇಪ್ಪತ್ತಾರು ವರ್ಷ ಎಡೆ ಇಡೋವಾಗ ಕೊನೇ ಸಾಲಲ್ಲಿ ನಿಂತಿದೀನಿ. ತಾತನ ಗಡ್ಡ ಬಿಟ್ಟು ಏನೂ ಕಾಣ್ತಿರ್ಲಿಲ್ಲ. ಆಮೇಲೆ ದಿನಾ ಗುಡಿ ಮುಂದೆ ಓಡಾಡಿದ್ರೂ ನೋಡಿದ್ದೆಲ್ಲ ನಾಯಿ ಬಾಯೇ. ಇವತ್ತು ಹತ್ತಿರದಿಂದ ನೋಡ್ದೆ. ನಗ್ತಾ ಇದಾನೆ ಕಣ್ರೀ."