ಸಾಣೆಗಾರನ ಮಗನ ಕೆನ್ನೆ

ಚರ್ಚಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿದು, ಮೇಳದವರು ಹಾಡಿನ ಪುಸ್ತಕ ಮುಚ್ಚುವ ಹೊತ್ತಿಗೆ, ಅವರಲ್ಲೊಬ್ಬನಾದ ಎವಾಲ್ಡನ ಗಲ್ಲದಿಂದ ಒಂದು ಚೂರು ಕಾಗದ ಕಳಚಿ, ತೇಲಿಕೊಂಡು ಹೋಗಿ, ಮುಂದಿನ ಸಾಲಿನ ಹೆಂಗಸಿನ ಕರಿ ಟೋಪಿಯ ಮೇಲೆ ಕೂತಿತು. ಅದರ ನಡುವೆ ಬೊಟ್ಟಿನಷ್ಟು ರಕ್ತ. ಬೆಳಿಗ್ಗೆ ಗಡ್ಡ ಕೆರೆದುಕೊಂಡ ಗಾಯಕ್ಕೆ ಅಂಟಿಸಿದ್ದನ್ನು ಅವನು ಮರೆತೇಬಿಟ್ಟಿದ್ದ. ಇನ್ನೂ ಮೂರು ಚೂರು ಕೆನ್ನೆಯ ಮೇಲೇ ಇದ್ದವು.

ಬೇರೆ ಊರಾಗಿದ್ದರೆ ನಕ್ಕು ಬಿಡುತ್ತಿದ್ದರು. ಆದರೆ ಇದು ಜರ್ಮನಿಯ ಜೋಲಿಂಗನ್. ಚಾಕು, ಕತ್ತರಿ, ಕ್ಷೌರದ ಕತ್ತಿ ಮಾಡಿಯೇ ತಲೆಮಾರುಗಳು ಉಂಡ ಊರು. ಕಬ್ಬಿಣ ಸಿಗದ ದಿನ ಇಲ್ಲಿನವರು ಒಬ್ಬರನ್ನೊಬ್ಬರು ಸಾಣೆ ಹಿಡಿಯುತ್ತಾರೆ.

"ಏನೋ ಎವಾಲ್ಡ್, ಬೆಕ್ಕು ಸಾಕಿದೀಯಾ?" ಎಂದ ಪಕ್ಕದಲ್ಲಿದ್ದ ಮಾಂಸದಂಗಡಿಯ ಫ್ರಿಡೋಲಿನ್.

"ಅಪ್ಪನ ಕತ್ತಿ."

"ನಿಮ್ಮಪ್ಪ ಸಾಣೆ ಹಿಡಿದ ಕತ್ತೀಲಿ ಅರ್ಧ ದೇಶ ಗಡ್ಡ ತೆಗೀತು. ಮಗ ಚರ್ಮಾನೇ ತೆಗೀತಿದಾನೆ. ಬಿಡಪ್ಪ, ನಂಗೂ ಅದೇ ಕಸುಬು."

ಎವಾಲ್ಡ್ ಅಪ್ಪನ ಕಸುಬು ಕಲಿಯಲಿಲ್ಲ. ಊರಿನ ವಿದ್ಯುತ್ ಬಸ್ಸು ಓಡಿಸಿ ನಿವೃತ್ತನಾದವನು. ಮನೆಯಿಂದ ಹೊರಡುವಾಗ ಹೆಂಡತಿ ಹಾನೆಲೋರೆ ಬಾಗಿಲಲ್ಲಿ ನಿಲ್ಲಿಸಿ, ಬೆರಳಿನ ಬೆನ್ನಿನಿಂದ ಅವನ ಕೆನ್ನೆ ಸವರಿ ನೋಡುತ್ತಿದ್ದಳು. "ಎಡ ದವಡೆ," ಎಂದರೆ ಅವನು ವಾಪಸು ಬಚ್ಚಲಿಗೆ ಹೋಗಬೇಕು. ನಿವೃತ್ತನಾಗಿ ಬ್ರೆಡ್ಡು ತರಲು ಮಾತ್ರ ಹೊರಡುತ್ತಿದ್ದಾಗಲೂ ಈ ತಪಾಸಣೆ ತಪ್ಪಲಿಲ್ಲ.

ವಸಂತದಲ್ಲಿ ಹಾನೆಲೋರೆ ತೀರಿಕೊಂಡಳು. ಗುಂಯ್‌ಗುಡುವ ಅವನ ಶೇವಿಂಗ್ ಮಷೀನು ಎಡ ದವಡೆಯಲ್ಲಿ ತನಗೆ ಬೇಕಾದಷ್ಟು ಕೂಳೆ ಉಳಿಸುತ್ತಿತ್ತು. ಹೇಳುವವರು ಯಾರೂ ಇರಲಿಲ್ಲ. ನವೆಂಬರಿನ ಕೊನೆಗೆ ಸತ್ತವರ ಭಾನುವಾರ ಬರುತ್ತದೆ. ಆ ವರ್ಷ ಹೋದವರ ಹೆಸರನ್ನು ಪಾದ್ರಿ ಒಂದೊಂದಾಗಿ ಓದುವಾಗ ಮೇಳದವರು ಊರಿಗೆ ಮುಖ ಕೊಟ್ಟು ನಿಲ್ಲಬೇಕು. ಹಾನೆಲೋರೆಯ ಹೆಸರು ಬರುವ ಗಳಿಗೆಯಲ್ಲಿ ಎಡ ದವಡೆ ನುಣ್ಣಗಿರಬೇಕು. ಎವಾಲ್ಡನಿಗೆ ಬೇಕಾಗಿದ್ದದ್ದು ಇಷ್ಟೇ. ಅದಕ್ಕೇ ನೆಲಮಾಳಿಗೆಯಿಂದ ಅಪ್ಪನ ತುಕ್ಕು ಹಿಡಿದ ಕತ್ತಿ ಮೇಲೆ ಬಂದದ್ದು.

ಕಾಗದ ಹಾರಿದ ಮರುದಿನ ಅವನು ಕತ್ತಿ ಹಿಡಿದು ಫ್ರಾವ್ ಸ್ಟಾಮ್ ಅವರ ಬಾಗಿಲು ತಟ್ಟಿದ. ಆಕೆ ಮನೆಯ ಕಿಟಕಿಯ ಪಕ್ಕ ಕೂತು, ಕಾರ್ಖಾನೆಯಿಂದ ಬಂದ ಕತ್ತಿಗಳಿಗೆ ಕೊನೆಯ ಹದ ಕೊಟ್ಟು ಮುದುಕಿಯಾದವರು.

"ಯಾವುದರಲ್ಲಿ ಉಜ್ಜಿದೆ?"

"ಉಪ್ಪುಕಾಗದ."

"ಬಸ್ಸು ತೊಳ್ದ ಹಾಗೆ ತೊಳ್ದಿದೀಯ. ಬೆನ್ನು ಫಳಫಳ, ಬಾಯಿ ಬೊಚ್ಚು."

ಹೊಳೆಯುವುದೆಲ್ಲ ಹರಿತ ಎಂದು ಅವನು ನಂಬಿದ್ದ. ಒದ್ದೆ ಕಲ್ಲಿನ ಮೇಲೆ ಕತ್ತಿಯ ಬೆನ್ನೂ ಅಲಗೂ ಒಟ್ಟಿಗೆ ತಾಗುವಂತೆ ಮಲಗಿಸಿ, ಒತ್ತದೆ ಎಳೆಯುವುದನ್ನು ಆಕೆ ಕಲಿಸಿದರು. ಆಮೇಲೆ ತೂಗುಬಿಟ್ಟ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ಎವಾಲ್ಡ್ ಬಾಯಿ ಮುಂದಾಗಿ ಎಳೆದ. ಪಟ್ಟಿ ಸೀಳಿಹೋಯಿತು.

"ಪಟ್ಟಿ ಅದು, ಸಾಸೇಜ್ ಅಲ್ಲ," ಎಂದು ಆಕೆ ಇನ್ನೊಂದು ತಂದರು.

ಹರಿತ ನೋಡುವುದು ಮುಂಗೈ ಕೂದಲಿನ ಮೇಲೆ. ಎವಾಲ್ಡ್ ಶ್ರದ್ಧಾವಂತ. ಮನೆಗೆ ಹೋಗಿ ದಿನವೂ ಎಳೆದ, ದಿನವೂ ನೋಡಿದ. ಎಡ ಮುಂಗೈ ಬೋಳಾಯಿತು, ಬಲ ಮುಂಗೈ ಬೋಳಾಯಿತು, ಮೊಣಕಾಲಿನ ಕೆಳಗೂ ಸುಗ್ಗಿ ಮುಗಿಯಿತು. ತಲೆಯಂತೂ ಬಸ್ಸಿನ ಕಾಲದಲ್ಲೇ ಬೋಳಾಗಿತ್ತು. ಇನ್ನೊಬ್ಬರ ಕೈ ಕೇಳೋಣವೆಂದರೆ ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಸತ್ತವರ ಭಾನುವಾರದ ಹಿಂದಿನ ದಿನ ಫ್ರಾವ್ ಸ್ಟಾಮ್ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹದ ಬಂದಿದೆ. ನಾಳೆ ಪಟ್ಟಿ ಮೇಲೆ ಎಳ್ಕೊಂಡು, ಒಂದ್ಸಲ ಪರೀಕ್ಷೆ ಮಾಡಿ ಆಮೇಲೆ ಮುಖಕ್ಕೆ ತಾಗ್ಸು. ನಿನ್ನ ಕೈ ಒಂದೊಂದು ದಿನ ಒಂದೊಂದು ಥರ."

"ಎಲ್ಲಿ ಮಾಡ್ಲಿ? ಕೊಯ್ಲಾಗಿ ಹೋಗಿದೆ."

"ಉದ್ದನೇದು ಒಂದೆಳೆ ಸಾಕು. ತುದಿ ಹಿಡ್ಕೊಂಡು ಅಲಗಿನ ಮೇಲೆ ಇಳಿಬಿಡು. ತಾನಾಗೇ ತುಂಡಾಗ್ಬೇಕು." ಆಕೆ ಹುಡುಗರಂತೆ ಕತ್ತರಿಸಿದ್ದ ತಮ್ಮ ಬಿಳಿ ತಲೆ ಮುಟ್ಟಿಕೊಂಡರು. "ನಂದು ಗಿಡ್ಡ. ಎಲ್ಲಾದ್ರೂ ಹುಡುಕ್ಕೋ."

ಹುಡುಕುವ ಅಗತ್ಯವಿರಲಿಲ್ಲ. ಬಚ್ಚಲಿನ ಕನ್ನಡಿಯ ಕೆಳಗೆ ಹಾನೆಲೋರೆಯ ತಲೆ ಬಾಚುವ ಬ್ರಷ್ಷು ವಸಂತದಿಂದ ಅಲ್ಲೇ ಇತ್ತು. ಎವಾಲ್ಡ್ ಅದರ ಸುತ್ತ ಧೂಳು ಒರೆಸುತ್ತಿದ್ದ, ಅದನ್ನು ಎತ್ತುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಎತ್ತಿದ. ಸಿಕ್ಕಿನಿಂದ ಒಂದೆಳೆ ಬಿಡಿಸಿದ. ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಇನ್ನೂ ಬಣ್ಣ ಹಚ್ಚಿದ ಕಂದು. ಕತ್ತಿಯನ್ನು ಅಲಗು ಮೇಲಾಗಿ ಹಿಡಿದು, ಕೂದಲನ್ನು ಇಳಿಬಿಟ್ಟ. ಅವನ ಉಸಿರಿಗೆ ಅದು ಅತ್ತ ಇತ್ತ ಆಡಿತು. ಇನ್ನು ಬೆರಳಗಲ ಇಳಿಸಿದರೆ ಮುಗಿಯಿತು.

ಕತ್ತಿ ಹರಿತವಾಗಿಲ್ಲದಿದ್ದರೆ ಮುಖ ಕೊಯ್ಯುತ್ತದೆ. ಹರಿತವಾಗಿದ್ದರೆ ಇದನ್ನು ಕೊಯ್ಯುತ್ತದೆ.

ಅವನು ಕೂದಲನ್ನು ಮತ್ತೆ ಬ್ರಷ್ಷಿಗೆ ಸುತ್ತಿದ. ಮೊದಲಿನ ಹಾಗೇ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿದ. ಆಮೇಲೆ ಮುಖಕ್ಕೆ ನೊರೆ ಹಚ್ಚಿಕೊಂಡ.

ಪಾದ್ರಿ ಹೆಸರು ಓದಿದರು, ಮೇಳ ಹಾಡಿತು. ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕಾಫಿಗೆ ಕೂತಾಗ ಫ್ರಾವ್ ಸ್ಟಾಮ್ ಕೋಲೂರಿಕೊಂಡು ಬಂದು ಅವನೆದುರು ನಿಂತರು. ಅವನ ಬಲಗೆನ್ನೆ ಬೆಣ್ಣೆಯಂತಿತ್ತು. ಇನ್ನೊಂದು ಕಡೆ ಒಂದೇ ಒಂದು ಚೂರು ಕಾಗದ.

"ಎಡ ದವಡೆ," ಎಂದರು ಆಕೆ.

ಎವಾಲ್ಡನ ಕೈಯಲ್ಲಿದ್ದ ಚಮಚ ಕಪ್ಪಿನಲ್ಲೇ ನಿಂತಿತು.

"ಒಂದೆಳೆ ಸಾಕು ಅಂತ ಹೇಳಿದ್ನಲ್ಲ. ಪರೀಕ್ಷೆ ಮಾಡ್ಲಿಲ್ವಾ?"

ಅವನು ಸಕ್ಕರೆ ಕದಡಿ ಮುಗಿಸಿದ.

"ಬೋಳನ ಮನೆ, ಫ್ರಾವ್ ಸ್ಟಾಮ್. ಕೂದಲು ಎಲ್ಲಿಂದ ಬರ್ಬೇಕು."