ಹಳಿಯ ಮೇಲೆ ಹಾರುವ ವಿಮಾನ

ಸೂರತ್‌ನಿಂದ ಅಹಮದಾಬಾದಿಗೆ ಹಳಿಯ ಮೇಲೊಂದು ವಿಮಾನ ಹಾರುತ್ತದೆ. ಹಳಿ ತಪ್ಪಿದ ಮಾತು ಎನ್ನಬೇಡಿ, ಇದು ಕಣ್ಣಾರೆ ಕಂಡ ಸಂಗತಿ. ನಂಬಿಕೆ ಬಾರದಿದ್ದರೆ ಬೆಳಕು ಹರಿಯುವ ಹೊತ್ತಿಗೆ ಸೂರತ್ ಸ್ಟೇಷನ್ನಿಗೆ ಬನ್ನಿ.

ಪ್ಯಾಸೆಂಜರ್ ಗಾಡಿಯ ಜನರಲ್ ಬೋಗಿಯಲ್ಲಿ, ಬೋಳುತಲೆಯ ಹಯವದನ ಕುಲಕರ್ಣಿ ಮರದ ಸೀಟಿಗೆ ದುಪಟ್ಟಾ ಬಿಗಿಯುತ್ತಿದ್ದಾರೆ. ಅದು ಸೀಟ್ ಬೆಲ್ಟ್. ಬಿಗಿದಾದ ಮೇಲೆ ಮೂಗು ಹಿಡಿದು ಕ್ಯಾಪ್ಟನ್ ಆಗುತ್ತಾರೆ: "ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ..."

"ರೀ, ಅದು ರೈಲಿಂದು!" ಗಗನಸಖಿಯ ಪಾತ್ರದಲ್ಲಿರುವ ಪತ್ನಿ ವೈದೇಹಿ ತಿವಿಯುತ್ತಾರೆ.

"ಇರಲಿ ಬಿಡs. ಎರಡೂ ಹೊರಡೂದು ತಡಾನ ಅಲ್ಲೇನು?"

ಧಾರವಾಡದ ಹಯವದನ ಬ್ಯಾಂಕಿನ ವರ್ಗಾವಣೆಯ ಮೇಲೆ ವಡೋದರಾಕ್ಕೆ ಬಂದು ಅಲ್ಲೇ ಬೇರು ಬಿಟ್ಟವರು. ಈಗ ದಿನವೂ ಸೂರತ್ ಶಾಖೆಗೆ ರೈಲಿನಲ್ಲಿ ಅಪ್-ಡೌನ್. ವಡೋದರಾದ ಅಲ್ಕಾಪುರಿ ಬಡಾವಣೆಯ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸೇರುವ ಪುಟ್ಟ ತಂಡವೊಂದು ಬಡಮಕ್ಕಳನ್ನು ಶಸ್ತ್ರಚಿಕಿತ್ಸೆಗೆಂದು ಅಮೆರಿಕಕ್ಕೆ ಕಳಿಸುತ್ತದೆ. ವೀಸಾ, ಆಸ್ಪತ್ರೆ, ಟಿಕೆಟ್ ಎಲ್ಲ ತಂಡದ ಪಾಲು. ಹೆದರಿಕೆಯ ಇಲಾಖೆ ಮಾತ್ರ ಹಯವದನರದು.

"ಹುಡುಗರಿಗೆ ಆಪರೇಶನ್ನಿನ ಅಂಜಿಕಿ ಇರೂದಿಲ್ರಿ. ವಿಮಾನದಾಗ ಸಂಡಾಸ ಎಲ್ಲದ, ಅವ್ವ ಬಾಜೂಕ ಕೂಡತಾಳೋ ಇಲ್ಲೋ, ಅದs ಚಿಂತಿ. ಮೊದಲs ಮಾಡಿ ತೋರಿಸಿಬಿಟ್ರ ಮುಗೀತು."

ಗುಜರಾತ್ ನಡುಗಿದ 2001ರ ಭೂಕಂಪದ ವರ್ಷ ಶುರುವಾದ ಈ ತಾಲೀಮಿನಲ್ಲಿ ನಲವತ್ತರ ಹತ್ತಿರ ಮಕ್ಕಳು ಹಾರಿ ಹೋಗಿದ್ದಾರೆ. ಸೀಟು ಹಿಡಿಯಹೋಗಿ ಬೈಗುಳ, ಮೊಣಕೈ ಏಟು ಬೇಕಾದಷ್ಟು ಸಿಕ್ಕಿವೆ. ವರ್ಷದ ರಜೆಯೆಲ್ಲ ಇಲ್ಲೇ ಕರಗುತ್ತದೆ. ಇಷ್ಟಾಗಿ ಕ್ಯಾಪ್ಟನ್ ಸಾಹೇಬರು ಒಮ್ಮೆಯೂ ವಿಮಾನ ಹತ್ತಿದವರಲ್ಲ! ವಾಸಿಯಾಗಿ ಮರಳಿದ ಮಕ್ಕಳೇ ಇವರ ಅಭಿನಯ ತಿದ್ದುತ್ತಾರೆ: "ಕಾಕಾ, ಅಲ್ಲಿ ಯಾರೂ 'ಚಾಯ್ ಗರಂ' ಅಂತ ಕೂಗಲ್ಲ."

ಇವತ್ತಿನ ಪ್ರಯಾಣಿಕಳು ಸೂರತ್‌ನ ಒಂಬತ್ತು ವರ್ಷದ ಹೇತಲ್. ಸ್ಟೋವ್ ಸಿಡಿದು ಸುಟ್ಟ ಚರ್ಮ ಅವಳ ಗದ್ದವನ್ನು ಎದೆಗೆ ಎಳೆದು ಕಟ್ಟಿಹಾಕಿದೆ. ಬೆಳೆದಷ್ಟೂ ಅದು ಬಿಗಿಯುತ್ತದೆ. ಹೋದ ತಿಂಗಳು ಅಹಮದಾಬಾದಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಅಧಿಕಾರಿ ಮುಖದ ದುಪಟ್ಟಾ ತೆಗೆಯಲು ಹೇಳಿದಾಗ ಕಿರುಚಿ ಕುರ್ಚಿಯಡಿ ಸೇರಿಕೊಂಡವಳು ಹೊರಬರಲಿಲ್ಲ. ವಿಮಾನ ಹೋಯಿತು. ಅಮೆರಿಕದ ಡಾಕ್ಟರು ಆಪರೇಶನ್ನಿಗೆ ಬೇರೊಂದು ದಿನ ಗೊತ್ತುಮಾಡಿದ್ದಾರೆ. ಅದಕ್ಕೆ ಇಂದು ಸಂಜೆಯೇ ವಿಮಾನ ಏರಬೇಕು. ಇದೂ ತಪ್ಪಿದರೆ ಮತ್ತೆ ಯಾವಾಗಲೋ.

ಕಾಗದದ ಟೋಪಿ ಏರಿಸಿ ಹಯವದನ ಈಗ ಪಾಸ್‌ಪೋರ್ಟ್ ಅಧಿಕಾರಿ. ಹೊಟ್ಟೆಯಾಳದ ದನಿಯಲ್ಲಿ ಗದರುತ್ತಾರೆ: "ಚೆಹರಾ ದಿಖಾಓ!"

ಹೇತಲ್ ದುಪಟ್ಟಾ ಇನ್ನಷ್ಟು ಬಿಗಿ ಹಿಡಿಯುತ್ತಾಳೆ. "ಆಗಲ್ಲ. ಅವನು ಫೋಟೋ ನೋಡ್ತಾನೆ, ನನ್ನ ನೋಡ್ತಾನೆ. ಮತ್ತೆ ಫೋಟೋ, ಮತ್ತೆ ನಾನು," ಎನ್ನುತ್ತಾಳೆ ಗುಜರಾತಿಯಲ್ಲಿ. ತಾಯಿ ರಮೀಲಾಬೆನ್ ಕಿಟಕಿಯತ್ತ ತಿರುಗಿಕೊಳ್ಳುತ್ತಾರೆ.

"ಎಲ್ಲರದೂ ನೋಡ್ತಾರೆ, ದೀಕ್ರಿ. ನನ್ನದೂ ನೋಡ್ತಾರೆ," ಎಂದು ಹಯವದನ ತಮ್ಮ ರೈಲ್ವೆ ಪಾಸ್ ಅವಳ ಕೈಗಿಡುತ್ತಾರೆ. ಅದರ ಫೋಟೋದಲ್ಲಿ ಕರಿಮೋಡದಂಥ ಕೂದಲಿನ, ಚಿಗುರುಮೀಸೆಯ ಯುವಕ!

"ಲಗ್ನಕ್ಕ ಮೊದಲಿನ ಫೋಟೋ," ವೈದೇಹಿಯ ವಿವರಣೆ. "ನಮ್ಮಪ್ಪಗ ತೋರಿಸಿದ್ದೂ ಅದs, ರೈಲ್ವೆದವರಿಗೆ ತೋರಿಸೂದೂ ಅದs."

ಹೇತಲ್ ಫೋಟೋ ನೋಡುತ್ತಾಳೆ. ಬೋಳುತಲೆ ನೋಡುತ್ತಾಳೆ. ಮತ್ತೆ ಫೋಟೋ. ಅಂಕಲೇಶ್ವರದಲ್ಲಿ ಹಯವದನ ಚಹಾ ತರಲು ಇಳಿದಾಗ ಟಿಕೆಟ್ ಪರೀಕ್ಷಕ ಗೋಹಿಲ್ ಬೋಗಿ ಹತ್ತುತ್ತಾರೆ. ಹೇತಲ್ ಅವರ ತೋಳು ಜಗ್ಗಿ, ಪಾಸ್ ಕೈಗಿಟ್ಟು, ಕಿವಿಯಲ್ಲಿ ಏನೋ ಉಸುರುತ್ತಾಳೆ.

ಗಾಡಿ ಹೊರಡುತ್ತದೆ. ಚಹಾ ಹಿಡಿದು ಬಂದ ಹಯವದನರಿಗೆ ಗೋಹಿಲ್ ಅಡ್ಡ ನಿಲ್ಲುತ್ತಾರೆ. ಕೈಯಲ್ಲಿ ಪಾಸ್.

"ಇದು ಯಾರದು?"

"ನಂದೇ, ಗೋಹಿಲ್ ಸಾಹೇಬ್! ದಿನಾ ನೋಡ್ತೀರಲ್ಲ?"

"ಇದು ನೀವಲ್ಲ. ಮುಖ ಹೊಂದಲ್ಲ. ಭರೂಚ್‌ನಲ್ಲಿ ಇಳಿಯಿರಿ."

"ಸಾಹೇಬ್, ಕೂದಲು ಹೋಗಿದೆ, ಮನುಷ್ಯ ಇಲ್ಲೇ ಇದ್ದಾನೆ! ವೈದೇಹಿ, ನೀನರೆ ಹೇಳs!"

ವೈದೇಹಿ ಕಣ್ಣು ಕಿರಿದಾಗಿಸಿ ದಿಟ್ಟಿಸುತ್ತಾರೆ. "ಯಾರೋ ಏನೋ. ನನಗ ತೋರಿಸಿದ್ದು ಬ್ಯಾರೆ ಹುಡುಗ."

ಹಯವದನರ ಕೈಯ ಚಹಾ ಅಂಗಿಯ ಮೇಲೆ ಚೆಲ್ಲುತ್ತದೆ. ಬೋಗಿಯೇ ಅವರತ್ತ ತಿರುಗಿದೆ: ಫೋಟೋ, ಮುಖ, ಮತ್ತೆ ಫೋಟೋ. ಅಷ್ಟರಲ್ಲಿ ಹೇತಲ್ ಸೀಟಿನ ಮೇಲೆ ಹತ್ತಿ ನಿಲ್ಲುತ್ತಾಳೆ. ಬಾಯಿಗಡ್ಡವಾದ ದುಪಟ್ಟಾವನ್ನು ತಾನೇ ಕಿತ್ತೆಸೆಯುತ್ತಾಳೆ. ಕತ್ತು ಎತ್ತಲಾಗದ್ದಕ್ಕೆ ಇಡೀ ಮೈಯನ್ನೇ ಹಿಂದಕ್ಕೆ ಬಾಗಿಸಿ, ಹಯವದನರದೇ ಗದರುದನಿಯನ್ನು ಥೇಟ್ ಹಾಗೇ ಹೊರಡಿಸುತ್ತಾಳೆ: "ಚೆಹರಾ ದಿಖಾಓ! ಹೂಂ... ಪಾಸ್! ಜಾನೇ ದೋ!" ಆಮೇಲೆ ತನ್ನ ಪಾಸ್‌ಪೋರ್ಟನ್ನು ಗೋಹಿಲ್‌ರ ಮುಂದೆ ಹಿಡಿಯುತ್ತಾಳೆ. "ಈಗ ನಂದು."

ಸಂಜೆ ಕೌಂಟರಿನಲ್ಲಿ ಕೇಳುವ ಮೊದಲೇ ಅವಳು ಮುಖ ತೋರಿಸಿದಳೆಂದು ರಮೀಲಾಬೆನ್ ನಿಲ್ದಾಣದ ಒಳಗಿನಿಂದ ಫೋನ್ ಮಾಡುತ್ತಾರೆ. ಅದು ಸಂಜೆಯ ಮಾತು. ಈಗಿನ್ನೂ ಗಾಡಿ ನರ್ಮದೆಯ ಸೇತುವೆ ದಾಟುತ್ತಿದೆ. ಗೋಹಿಲ್ ನಗುತ್ತಿದ್ದಾರೆ, ವೈದೇಹಿ ನಗುತ್ತಿದ್ದಾರೆ, ರಮೀಲಾಬೆನ್ ಅಳುತ್ತಲೇ ನಗುತ್ತಿದ್ದಾರೆ. ಸೇತುವೆಯ ಗಡಗಡವನ್ನೂ ಮೀರಿ ಕೇಳುವ ನಗು ಮಾತ್ರ, ಚಹಾದಲ್ಲಿ ತೊಯ್ದು ನಿಂತ ಹಯವದನ ಕುಲಕರ್ಣಿಯವರದು.